ಮನಸ್ಸಿನ ಭಾರವೂ ದೇಹದ ರೋಗವೂ

ಪರೀಕ್ಷೆಯ ದಿವಸ ಬೆಳಿಗ್ಗೆ ಹೊಟ್ಟೆನೋವೆಂದು ಹೇಳಿ ಹಾಸಿಗೆಯಲ್ಲಿಯೇ ಮುದುಡಿಕೊಂಡಿರುವ ಹುಡುಗಿಯನ್ನು ನೋಡದ ತಾಯಿಯು ವಿರಳ. ನೋಡದ ಉಪಾಧ್ಯಾಯಿನಿಯಂತೂ ಇಲ್ಲವೇ ಇಲ್ಲ. ನೋವು ನಿಜವೋ ನೆವವೋ ಎಂಬ ಪ್ರಶ್ನೆಯು ಕೂಡಲೇ ಏಳುವದು. ಮೈ ಮುಟ್ಟಿ ನೋಡಿದರೆ ಜ್ವರವಿಲ್ಲ, ನಾಲಿಗೆ ಶುದ್ಧವಾಗಿದೆ, ರಾತ್ರಿ ಉಂಡದ್ದು ಎಲ್ಲರೂ ಉಂಡದ್ದೇ. ಹಾಗಾದರೆ ಇದು ಸೋಗೇ ಸರಿ ಎಂದು ತೀರ್ಮಾನಿಸಿ, ಓಮದ ಕಷಾಯವನ್ನು ಕುಡಿಸಿ, ಅದರ ಮೇಲೆ ನಾಲ್ಕು ಗದರುಮಾತುಗಳನ್ನೂ ಕುಡಿಸಿ, ಶಾಲೆಗೆ ಅಟ್ಟುವದು ವಾಡಿಕೆ. ನಾವೂ ಹಾಗೆಯೇ ಮಾಡಿದವರು. ಈ ಲೇಖನವನ್ನು ಬರೆಯುವದಕ್ಕೆ ಅದೇ ಮುಖ್ಯ ಕಾರಣವಾದುದರಿಂದ ಆ ಸಂಗತಿಯನ್ನು ಮೊದಲು ಹೇಳಿಬಿಡುವದು ನ್ಯಾಯ.

ಬಹು ವರ್ಷಗಳ ಹಿಂದೆ ನಾವು ಬೋರ್ಡಿಂಗಿನ ಮೇಲ್ವಿಚಾರಣೆಯಲ್ಲಿದ್ದಾಗ ಎಂಟನೆಯ ತರಗತಿಯ ಒಬ್ಬ ಹುಡುಗಿಗೆ ಪ್ರತಿ ಸೋಮವಾರವೂ, ಪ್ರತಿ ಪರೀಕ್ಷೆಯ ದಿವಸವೂ ಹೊಟ್ಟೆನೋವು ಬರುತ್ತಿತ್ತು. ಭಾನುವಾರ ಆರಾಧನೆಗೆ ಹೋಗಿ ಬಂದು ಎಲ್ಲರಂತೆ ಆಡಿದವಳು ಮರುದಿನ ಕಾಫಿಯನ್ನೂ ಮುಟ್ಟದೆ ಮೂಲೆ ಹಿಡಿಯುತ್ತಿದ್ದಳು. ಒಂದು ದಿವಸ ನಾವು ಊಟದ ಸಾಲಿನಲ್ಲಿ ಎಲ್ಲರ ಮುಂದೆ, "ಇವಳದು ಸೋಮವಾರದ ಹೊಟ್ಟೆ," ಎಂದೆವು. ಹುಡುಗಿಯರು ನಕ್ಕರು, ಅದೇ ಅವಳಿಗೆ ಅಡ್ಡಹೆಸರಾಯಿತು. ಆ ಮೇಲೆ ಅವಳು ನೋವಿನ ಮಾತನ್ನೇ ಎತ್ತಲಿಲ್ಲ. ನಮ್ಮ ಔಷಧವು ನಾಟಿತೆಂದು ನಾವು ಹಿಗ್ಗಿದೆವು. ಮೂರು ತಿಂಗಳಾದ ಮೇಲೆ ತಾಯಿ ಬಂದು ಮಗಳನ್ನು ನೋಡಿ, "ಟೀಚರಮ್ಮಾ, ಇವಳ ಲಂಗ ಸೊಂಟದಲ್ಲಿ ನಿಲ್ಲುತ್ತಾ ಇಲ್ಲವಲ್ಲಾ," ಎಂದು ಅತ್ತಾಗ ವಿಷಯವು ಹೊರಬಿತ್ತು. ತಂದೆಯ ಕೆಲಸ ಹೋಗಿತ್ತು. ತರಗತಿಯಲ್ಲಿ ಮೊದಲಿಗಳಾಗಿ ವಿದ್ಯಾರ್ಥಿವೇತನ ಪಡೆದರೆ ಮಾತ್ರ ಓದು, ಇಲ್ಲವಾದರೆ ಊರಿಗೆ ಹಿಂದಿರುಗಬೇಕು ಎಂದು ಮನೆಯಿಂದ ಕಾಗದ ಬಂದಿತ್ತು. ಆ ಕಾಗದವನ್ನು ಅವಳು ಯಾರಿಗೂ ತೋರಿಸದೆ ಪೆಟ್ಟಿಗೆಯ ತಳದಲ್ಲಿಟ್ಟುಕೊಂಡಿದ್ದಳು. ವಾರ ವಾರದ ಕಿರುಪರೀಕ್ಷೆಯು ನಡೆಯುತ್ತಿದ್ದದ್ದು ಸೋಮವಾರ. ಅವಳು ಒಂದು ದಿವಸವೂ ಸುಳ್ಳು ಹೇಳಿದ್ದಿಲ್ಲ.

ಮನಸ್ಸಿನ ದುಃಖವು ಹೊಟ್ಟೆಯನ್ನು ಹಿಡಿಯುವದೆಂಬುದು ಹೊಸ ಮಾತೇನೂ ಅಲ್ಲ. ಹೊಟ್ಟೆ ಉರಿಯಿತು, ಕರುಳು ಕಿತ್ತು ಬಂದಂತಾಯಿತು, ಎದೆ ಧಸಕ್ಕೆಂದಿತು, ಕೈಕಾಲು ತಣ್ಣಗಾದವು ಎಂದು ನಮ್ಮ ಜನರು ಭಯವನ್ನೂ ದುಃಖವನ್ನೂ ಅಂಗಾಂಗಗಳ ಹೆಸರಿನಿಂದಲೇ ಹೇಳುವರು. ಸಮುವೇಲನ ಮೊದಲನೆಯ ಪುಸ್ತಕದ ಆರಂಭದಲ್ಲಿ ಹನ್ನಳ ಕಥೆಯನ್ನು ಓದಿದವರೆಲ್ಲರಿಗೂ ಇದು ಗೊತ್ತು. ಸವತಿಯ ಕೆಣಕುಮಾತಿನಿಂದ ನೊಂದು ಅತ್ತು ಅವಳು ಊಟ ಬಿಟ್ಟಳು. ಪ್ರೀತಿಯ ಗಂಡನು ಸಮಾಧಾನ ಹೇಳಿದರೂ ಅನ್ನವು ಗಂಟಲಿನಲ್ಲಿ ಇಳಿಯಲಿಲ್ಲ. ಶೀಲೋವಿನಲ್ಲಿ ದೇವರ ಮುಂದೆ ಹೃದಯವನ್ನು ಬಿಚ್ಚಿಟ್ಟು, ಯಾಜಕನಿಂದ ಒಳ್ಳೆಯ ಮಾತನ್ನು ಕೇಳಿದ ಮೇಲೆಯೇ ಅವಳು ಊಟಮಾಡಿದಳು. ಆ ಯಾಜಕನಾದ ಏಲಿಯು ಮೊದಲು ಅವಳನ್ನು ನೋಡಿ ಕುಡಿದು ಮತ್ತಳಾದವಳೆಂದು ತಪ್ಪು ತಿಳಿದು ಗದರಿಸಿದ್ದನೆಂಬುದನ್ನು ಮರೆಯಬಾರದು. ನಮ್ಮಂಥ ಮೇಲ್ವಿಚಾರಕಿಯರಿಗೆ ಅವನೇ ಮೂಲಪುರುಷನು.

ಆದರೆ ದುಃಖವು ಹೊಟ್ಟೆಗೆ ಇಳಿಯುವ ದಾರಿ ಯಾವದು? ಇದನ್ನು ಕಣ್ಣಾರೆ ಕಂಡವರಲ್ಲಿ ಮೊದಲಿಗನೆಂದರೆ ಅಮೇರಿಕದ ಸೈನ್ಯವೈದ್ಯನಾದ ವಿಲಿಯಂ ಬೋಮಾಂಟ್. 1822ರಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನಿಗೆ ಗುಂಡು ತಾಗಿ ಜಠರದಲ್ಲಿ ರಂಧ್ರವಾಯಿತು. ಅವನು ಬದುಕಿದನು, ರಂಧ್ರವು ಮಾತ್ರ ಮುಚ್ಚಲಿಲ್ಲ. ಆ ಕಿಂಡಿಯ ಮೂಲಕ ವರ್ಷಗಳ ಕಾಲ ಒಳಗೆ ನೋಡಿದ ಬೋಮಾಂಟನು, ರೋಗಿಗೆ ಭಯವೋ ಕೋಪವೋ ಬಂದಾಗ ಜಠರದ ಒಳಪದರವು ಕೆಲವೊಮ್ಮೆ ಕೆಂಪೇರಿ ಒಣಗಿಯೂ ಕೆಲವೊಮ್ಮೆ ಬಿಳಿಚಿಯೂ ಕಾಣುತ್ತದೆಂದು 1833ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ತಿಳಿಸಿದನು.

ಇದಕ್ಕಿಂತಲೂ ನಮಗೆ ಹೆಚ್ಚು ಮೆಚ್ಚಿಗೆಯಾದದ್ದು ವಾಲ್ಟರ್ ಕ್ಯಾನನ್ ಎಂಬವನ ಬೆಕ್ಕುಗಳ ವೃತ್ತಾಂತ. ಕ್ಷ-ಕಿರಣಗಳು ಕಂಡುಹಿಡಿಯಲ್ಪಟ್ಟು ಎರಡು ವರ್ಷ ತುಂಬುವ ಮೊದಲೇ, 1897ರಲ್ಲಿ, ಹಾರ್ವರ್ಡ್ ವಿದ್ಯಾಪೀಠದಲ್ಲಿ ಇನ್ನೂ ವೈದ್ಯವಿದ್ಯಾರ್ಥಿಯಾಗಿದ್ದ ಅವನು, ಬಿಸ್ಮತ್ ಎಂಬ ಲೋಹದ ಲವಣವನ್ನು ಆಹಾರದಲ್ಲಿ ಬೆರಸಿ ಬೆಕ್ಕುಗಳಿಗೆ ತಿನ್ನಿಸಿ, ಅವುಗಳ ಜಠರವು ಅಲೆಯಲೆಯಾಗಿ ಅಲುಗಾಡುವದನ್ನು ನೋಡುತ್ತಿದ್ದನು. ಕಟ್ಟಿಹಾಕಿದಾಗ ಸಿಟ್ಟಾಗಿ ಒದ್ದಾಡುತ್ತಿದ್ದ ಗಂಡುಬೆಕ್ಕುಗಳಲ್ಲಿ ಈ ಅಲೆಗಳು ಕಾಣದೆ ಹೋದವು. ಶಾಂತವಾಗಿದ್ದ ಹೆಣ್ಣುಬೆಕ್ಕುಗಳಲ್ಲಿ ಕಂಡವು. ಒಮ್ಮೆ ಮರಿಗಳಿದ್ದ ಒಂದು ತಾಯಿಬೆಕ್ಕನ್ನು ಪರೀಕ್ಷಿಸುತ್ತಿರುವಾಗ ಅದು ಇದ್ದಕ್ಕಿದ್ದ ಹಾಗೆ ಕಳವಳಗೊಂಡಿತು. ಆ ಕ್ಷಣವೇ ಜಠರದ ಚಲನೆಯು ನಿಂತು ಅದರ ಗೋಡೆಯು ಸಡಿಲಾಯಿತು. ಮೈ ಸವರಿ ಸಮಾಧಾನಪಡಿಸಿ, ಅದು ಗುರುಗುಟ್ಟಲು ತೊಡಗಿದ ಮೇಲೆಯೇ ಅಲೆಗಳು ತಿರಿಗಿ ಹುಟ್ಟಿದವು. ಬೆಕ್ಕು ಪರೀಕ್ಷೆಗೆ ಹೆದರಿ ಸೋಗು ಹಾಕಿತೆಂದು ಯಾರೂ ಹೇಳಲಾರರು.

ಕ್ಯಾನನನು ಮುಂದೆ ಪ್ರಾಧ್ಯಾಪಕನಾಗಿ ಈ ವಿಷಯವನ್ನು ಬೆನ್ನಟ್ಟಿ, ದೇಹವು ಅಪಾಯವನ್ನು ಎದುರಿಸುವ ಕ್ರಮವನ್ನು ವಿವರಿಸಿದನು. ಸೌದೆಕೊಟ್ಟಿಗೆಯ ಕತ್ತಲಲ್ಲಿ ಕಾಲಿನ ಬಳಿ ಹಾವು ಸರಿದಂತಾಯಿತೆಂದು ಎಣಿಸಿರಿ. ನಾವು ಯೋಚಿಸುವದಕ್ಕೆ ಮುಂಚೆಯೇ ಮಿದುಳಿನಿಂದ ನರಗಳ ಮೂಲಕ ಆಜ್ಞೆಯು ಹೊರಡುವದು. ಎರಡು ಮೂತ್ರಪಿಂಡಗಳ ಮೇಲೆ ಕೂಸಿನ ಕುಲಾವಿಯಂತೆ ಕುಳಿತಿರುವ ಅಡ್ರಿನಲ್ ಎಂಬ ಗ್ರಂಥಿಗಳು ಅಡ್ರಿನಲಿನ್ ರಸವನ್ನು ರಕ್ತಕ್ಕೆ ಸುರಿಸುವವು. ಎದೆ ಬಡಿದುಕೊಳ್ಳುವದು, ಉಸಿರು ತೀವ್ರವಾಗುವದು, ಪಿತ್ತಕೋಶದ ಮಗ್ಗುಲಲ್ಲಿರುವ ಯಕೃತ್ತು ಕೂಡಿಟ್ಟ ಸಕ್ಕರೆಯನ್ನು ಹೊರಕ್ಕೆ ಬಿಡುವದು, ಹೊಟ್ಟೆಯ ಮತ್ತು ಚರ್ಮದ ರಕ್ತವು ಕೈಕಾಲುಗಳ ಸ್ನಾಯುಗಳ ಕಡೆಗೆ ತಿರುಗುವದು. ಓಡಬೇಕಾದವನಿಗೆ ಆಗ ಜೀರ್ಣಕಾರ್ಯದಿಂದ ಪ್ರಯೋಜನವೇನು? ಆದುದರಿಂದ ಬಾಯಿ ಒಣಗುವದು, ಜಠರವು ಕೆಲಸ ನಿಲ್ಲಿಸುವದು. ಕೆಲವು ನಿಮಿಷಗಳಲ್ಲಿ ಎರಡನೆಯ ದಂಡು ಹೊರಡುವದು: ಮಿದುಳಿನ ಬುಡದ ಹೈಪೋಥಲಮಸ್ ಎಂಬ ಭಾಗವು ಪಿಟ್ಯುಟರಿ ಗ್ರಂಥಿಗೂ, ಅದು ಮತ್ತೆ ಅಡ್ರಿನಲ್ ಗ್ರಂಥಿಗೂ ಹೇಳಿ ಕಳುಹಿಸಿ ಕಾರ್ಟಿಸಾಲ್ ಎಂಬ ಇನ್ನೊಂದು ರಸವನ್ನು ತರಿಸುವದು. ಹಾವು ಹೋಯಿತು, ದೀಪ ಬಂತು, ನಾಲ್ಕು ಮಂದಿ ಕೂಡಿದರು, ನಕ್ಕರು, ಎಲ್ಲವೂ ಮೊದಲಿನಂತಾಯಿತು. ಈ ಏರ್ಪಾಡು ಸೃಷ್ಟಿಕರ್ತನ ಉಪಕಾರಗಳಲ್ಲಿ ಒಂದು; ಇದು ಇಲ್ಲದಿದ್ದರೆ ಮನುಷ್ಯಕುಲವು ಎಂದೋ ಅಳಿದುಹೋಗುತ್ತಿತ್ತು.

ಕಷ್ಟವಿರುವದು ಎಲ್ಲಿ ಎಂದರೆ, ಪೆಟ್ಟಿಗೆಯ ತಳದಲ್ಲಿರುವ ಕಾಗದವು ಹಾವಿನಂತೆ ಸರಿದು ಹೋಗುವದಿಲ್ಲ. ಸಾಲಗಾರನು, ಕುಡುಕನಾದ ಗಂಡನು, ಹಾಸಿಗೆ ಹಿಡಿದ ಅತ್ತೆ, ಉತ್ತರವಿಲ್ಲದ ಮಗನು—ಇವು ತಿಂಗಳುಗಟ್ಟಲೆ ಇರುವ ಹಾವುಗಳು. ಹಾಲು ಕಾಯುವಷ್ಟು ಹೊತ್ತು ಒಲೆಯಲ್ಲಿ ಉರಿ ಮಾಡುವದಕ್ಕೂ ಅದೇ ಉರಿಯನ್ನು ಹಗಲಿರುಳು ಇಡುವದಕ್ಕೂ ಇರುವ ವ್ಯತ್ಯಾಸವನ್ನು ಗೃಹಿಣಿಯರಿಗೆ ನಾವು ಹೇಳಬೇಕಾಗಿಲ್ಲ. 1936ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಹಾನ್ಸ್ ಸೆಲ್ಯೆ ಎಂಬ ವಿದ್ವಾಂಸನು ಒಂದು ಸಣ್ಣ ಲೇಖನವನ್ನು ಪ್ರಕಟಿಸಿದನು. ಇಲಿಗಳನ್ನು ಚಳಿಯಲ್ಲಿಟ್ಟರೂ, ಅತಿಯಾಗಿ ದಣಿಸಿದರೂ, ಗಾಯಗೊಳಿಸಿದರೂ ಅವುಗಳ ದೇಹದಲ್ಲಿ ಕಾಣುವ ಕೇಡು ಒಂದೇ ಬಗೆಯದು: ಅಡ್ರಿನಲ್ ಗ್ರಂಥಿಯು ಹಿಗ್ಗುವದು, ರೋಗನಿವಾರಣೆಗೆ ಸಂಬಂಧಪಟ್ಟ ಥೈಮಸ್ ಗ್ರಂಥಿಯು ಕುಗ್ಗುವದು, ಜಠರದಲ್ಲಿ ಹುಣ್ಣುಗಳಾಗುವವು. ಇಂದು ಎಲ್ಲರ ಬಾಯಲ್ಲಿರುವ 'ಸ್ಟ್ರೆಸ್' ಎಂಬ ಶಬ್ದವು ಈ ಅರ್ಥದಲ್ಲಿ ಬಳಕೆಗೆ ಬಂದದ್ದು ಮುಖ್ಯವಾಗಿ ಅವನಿಂದ.

ಹೊಟ್ಟೆಯ ವಿಷಯವನ್ನೇ ಇನ್ನೂ ಸ್ವಲ್ಪ ಹೇಳಬೇಕು. ಅನ್ನನಾಳದಿಂದ ಹಿಡಿದು ಕರುಳಿನ ಕೊನೆಯ ತನಕ ಹತ್ತು ಕೋಟಿಗಿಂತಲೂ ಹೆಚ್ಚು ನರಕೋಶಗಳ ಬಲೆಯೊಂದು ಹರಡಿಕೊಂಡಿದೆ. ವೇಗಸ್ ಎಂಬ ನರವೂ ಇತರ ನರಗಳೂ ಇದನ್ನು ಮಿದುಳಿಗೆ ಜೋಡಿಸಿವೆ. ಮನಸ್ಸು ಕಳವಳಗೊಂಡಾಗ ಜಠರವು ಬರಿದಾಗುವದಕ್ಕೆ ತಡವಾಗುವದು, ದೊಡ್ಡ ಕರುಳಾದರೋ ಅವಸರಪಡುವದು. ಪರೀಕ್ಷೆಯ ಬೆಳಿಗ್ಗೆ ಒಬ್ಬಳಿಗೆ ಓಕರಿಕೆ, ಇನ್ನೊಬ್ಬಳಿಗೆ ಪಾಯಖಾನೆಗೆ ಓಡುವ ಕೆಲಸ ಏಕೆಂಬುದು ಇದರಿಂದ ತಿಳಿಯುವದು. ಇದಲ್ಲದೆ ಬಹುಕಾಲದ ಕಳವಳದಿಂದ ಆ ನರಗಳು ಸೂಕ್ಷ್ಮವಾಗಿ, ಬೇರೆಯವರಿಗೆ ತಿಳಿಯದೇ ಹೋಗುವ ವಾಯುವಿನ ಚಲನೆಯು ಸಹ ಇವರಿಗೆ ನೋವಾಗಿ ತೋರುವದು. ಯಾವ ಯಂತ್ರದಿಂದ ಪಟ ತೆಗೆದರೂ ಇಂಥ ಹೊಟ್ಟೆಯಲ್ಲಿ ಏನೂ ಕಾಣದು. ಕಾಣದ್ದರಿಂದ ನೋವಿಲ್ಲವೆಂದು ಹೇಳುವದು, ತಂಬೂರಿಯ ತಂತಿಗಳೆಲ್ಲವೂ ಇವೆ, ಆದುದರಿಂದ ಅಪಶ್ರುತಿಯಿಲ್ಲ ಎಂದಂತೆ.

ಇನ್ನು ಗಾಯಗಳ ಮಾತು. 1998ರಲ್ಲಿ ಅಮೇರಿಕದ ಓಹಾಯೋ ಪ್ರಾಂತದಲ್ಲಿ ಪ್ರಕಟವಾದ ಒಂದು ಶೋಧನೆಯನ್ನು ನಮ್ಮ ವಿದ್ಯಾರ್ಥಿನಿಯರು ವಿಶೇಷವಾಗಿ ಕೇಳಬೇಕು. ದಂತವೈದ್ಯ ಕಲಿಯುತ್ತಿದ್ದ ಹನ್ನೊಂದು ಮಂದಿ ತಮ್ಮ ಅಂಗುಳಿನಲ್ಲಿ ಮೂರೂವರೆ ಮಿಲಿಮೀಟರು ಅಗಲದ ಗಾಯವನ್ನು ಎರಡು ಸಲ ಮಾಡಿಸಿಕೊಂಡರು: ಬೇಸಿಗೆಯ ರಜೆಯಲ್ಲಿ ಒಂದು, ದೊಡ್ಡ ಪರೀಕ್ಷೆಗೆ ಮೂರು ದಿವಸ ಮುಂಚೆ ಇನ್ನೊಂದು. ಪರೀಕ್ಷೆಯ ಕಾಲದ ಗಾಯವು ಮಾಯುವದಕ್ಕೆ ಸರಾಸರಿ ಮೂರು ದಿವಸ, ಅಂದರೆ ನೂರಕ್ಕೆ ನಾಲ್ವತ್ತರಷ್ಟು, ಹೆಚ್ಚು ಕಾಲ ಹಿಡಿಯಿತು. ಒಬ್ಬನಿಗಾದರೂ ಪರೀಕ್ಷೆಯಲ್ಲಿ ಬೇಗ ಮಾಯಲಿಲ್ಲ. ಹನ್ನೊಂದು ಮಂದಿಯೆಂಬುದು ಸಣ್ಣ ಸಂಖ್ಯೆಯೇ. ಆದರೆ ಅದೇ ವಿದ್ವಾಂಸರ ಬಳಗವು 1995ರಲ್ಲಿ ಬುದ್ಧಿಭ್ರಮಣೆಯುಳ್ಳ ಮುಪ್ಪಿನ ಬಂಧುಗಳನ್ನು ಮನೆಯಲ್ಲಿ ನೋಡಿಕೊಳ್ಳುತ್ತಿದ್ದ ಹದಿಮೂರು ಮಂದಿ ಸ್ತ್ರೀಯರನ್ನು ಪರೀಕ್ಷಿಸಿದಾಗ, ಅಂಥ ಭಾರವಿಲ್ಲದ ಸಮಾನ ವಯಸ್ಸಿನ ಸ್ತ್ರೀಯರಿಗಿಂತ ಇವರ ತೋಳಿನ ಗಾಯವು ಮಾಯುವದಕ್ಕೆ ಒಂಬತ್ತು ದಿವಸ ಹೆಚ್ಚಾಯಿತು. ಗಾಯವನ್ನು ಕೂಡಿಸುವದಕ್ಕೆ ಮೊದಲು ಉರಿಯೂತವೂ ಅದನ್ನು ನಡಿಸುವ ರಕ್ತಕಣಗಳೂ ಬೇಕು. ಹೆಚ್ಚಾದ ಕಾರ್ಟಿಸಾಲ್ ರಸವು ಅವುಗಳನ್ನು ತಡೆಯುವದು.

ನೆಗಡಿಯ ವಿಷಯದಲ್ಲಿಯೂ ಹೀಗೆಯೇ. ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ 394 ಮಂದಿ ಆರೋಗ್ಯವಂತರ ಮೂಗಿನಲ್ಲಿ ನೆಗಡಿಯ ವಿಷಾಣುಗಳುಳ್ಳ ಹನಿಗಳನ್ನು ಹಾಕಿ, ಅವರನ್ನು ಪ್ರತ್ಯೇಕವಾಗಿಟ್ಟು ನೋಡಿದರು. 1991ರಲ್ಲಿ ಪ್ರಕಟವಾದ ಫಲವೇನೆಂದರೆ, ಮನಸ್ಸಿನ ಒತ್ತಡವು ಅತಿ ಕಡಿಮೆಯಿದ್ದವರಲ್ಲಿ ನೂರಕ್ಕೆ ಸುಮಾರು 27 ಮಂದಿಗೂ, ಅತಿ ಹೆಚ್ಚಿದ್ದವರಲ್ಲಿ ಸುಮಾರು 47 ಮಂದಿಗೂ ನೆಗಡಿಯಾಯಿತು. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಚಿಂತೆಯು ನೆಗಡಿಯನ್ನು ಹುಟ್ಟಿಸಲಿಲ್ಲ, ಹುಟ್ಟಿಸಿದ್ದು ವಿಷಾಣುವೇ. ಚಿಂತೆಯು ಬಾಗಿಲಿನ ಅಗಳಿಯನ್ನು ಸಡಿಲಿಸಿತು. ಚಿಂತೆಯಿದ್ದವರಲ್ಲಿಯೂ ಅರ್ಧಕ್ಕಿಂತ ಹೆಚ್ಚು ಮಂದಿ ನೆಗಡಿಯಿಲ್ಲದೆ ಮನೆಗೆ ಹೋದರು.

ಉದ್ಯೋಗದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗಾಗಿ ಸ್ವೀಡನ್ ದೇಶದ ಒಂದು ಶೋಧನೆಯನ್ನು ಇಲ್ಲಿ ಸೇರಿಸುತ್ತೇವೆ. ಮರಿಯಾನ್ನೆ ಫ್ರಾಂಕನ್‌ಹಾಯ್ಸರ್ ಎಂಬ ವಿದುಷಿಯೂ ಅವರ ಸಂಗಡಿಗರೂ ಒಂದು ಮೋಟಾರು ಕಾರ್ಖಾನೆಯ ಅಧಿಕಾರಿಗಳನ್ನು ಪರೀಕ್ಷಿಸಿ 1989ರಲ್ಲಿ ಪ್ರಕಟಿಸಿದರು. ಹಗಲೆಲ್ಲ ಗಂಡಸರ ಮತ್ತು ಹೆಂಗಸರ ದೇಹದಲ್ಲಿ ಉದ್ವೇಗದ ರಸಗಳು ಹೆಚ್ಚುಕಡಿಮೆ ಸಮನಾಗಿದ್ದವು. ಸಂಜೆ ಐದು ಗಂಟೆಯ ಮೇಲೆ ಗಂಡಸರಲ್ಲಿ ಅವು ಇಳಿದವು. ಹೆಂಗಸರಲ್ಲಿ, ಮನೆ ಸೇರಿದ ಮೇಲೆ, ಅವುಗಳಲ್ಲಿ ಒಂದು ಇನ್ನೂ ಏರಿತು. ವ್ಯಾಖ್ಯಾನ ಬೇಕಾಗಿಲ್ಲವೆಂದು ಎಣಿಸುತ್ತೇವೆ.

ಹೃದಯದ ವಿಷಯವು ದೊಡ್ಡದು, ಎರಡೇ ಮಾತು. ಹಠಾತ್ತಾದ ದುಃಖದಿಂದ ಹೃದಯದ ಎಡಭಾಗವು ಉಬ್ಬಿ ದುರ್ಬಲವಾಗುವ ವ್ಯಾಧಿಯೊಂದನ್ನು ಜಪಾನಿನ ವೈದ್ಯರು 1990ರಲ್ಲಿ ಹೆಸರಿಸಿದರು. ಉಬ್ಬಿದ ಹೃದಯವು ಅಲ್ಲಿಯ ಬೆಸ್ತರು ಅಷ್ಟಪಾದಿಯನ್ನು ಹಿಡಿಯುವ ಗಡಿಗೆಯನ್ನು ಹೋಲುವದರಿಂದ ಅದಕ್ಕೆ ತಾಕೋತ್ಸುಬೋ ಎಂದು ಹೆಸರು. ಇದಕ್ಕೊಳಗಾದವರಲ್ಲಿ ಬಹುತೇಕರು ಮುಟ್ಟು ನಿಂತ ಸ್ತ್ರೀಯರು. ತಕ್ಕ ಚಿಕಿತ್ಸೆಯಾದರೆ ಹೆಚ್ಚಿನವರು ವಾರಗಳಲ್ಲಿ ಗುಣಹೊಂದುವರು. ಎರಡನೆಯದು, ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಕಲಿತ ಡಾಕ್ಟರ್ ಸಲೀಂ ಯೂಸುಫರ ಮುಂದಾಳುತನದಲ್ಲಿ 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಶೋಧನೆ. ಮನೆಯಲ್ಲಾಗಲಿ ಕೆಲಸದಲ್ಲಾಗಲಿ ಒತ್ತಡವು ಸದಾ ಇತ್ತೆಂದು ಹೇಳಿದವರಲ್ಲಿ ಹೃದಯಾಘಾತದ ಸಂಭವವು ಒತ್ತಡವಿಲ್ಲದವರಿಗಿಂತ ಸುಮಾರು ಎರಡರಷ್ಟು ಕಂಡಿತು. ಹೊಗೆಸೊಪ್ಪು, ರಕ್ತದ ಒತ್ತಡ, ಸಕ್ಕರೆಯ ಕಾಯಿಲೆಗಳ ಪಟ್ಟಿಯಲ್ಲಿ ಚಿಂತೆಗೂ ಸ್ಥಾನವಾಯಿತು. ಆದರೆ ಅವುಗಳ ಜತೆಯಲ್ಲಿ, ಅವುಗಳಿಗೆ ಬದಲಾಗಿ ಅಲ್ಲ.

ಇಷ್ಟು ದೂರ ಒಂದು ತಪ್ಪನ್ನು ಕುರಿತು ಹೇಳಿದೆವು. ಇದಕ್ಕೆ ವಿರೋಧವಾದ ಇನ್ನೊಂದು ತಪ್ಪಿದೆ. ಹೆಂಗಸರ ವಿಷಯದಲ್ಲಿ ಅದೇ ಹೆಚ್ಚು ಅಪಾಯಕರವೆಂದು ನಮ್ಮ ಅಭಿಪ್ರಾಯ. ಅದೇನೆಂದರೆ, ಎಲ್ಲಾ ನೋವನ್ನೂ ಮನಸ್ಸಿನ ಮೇಲೆ ಹೊರಿಸಿ ಸುಮ್ಮನಾಗುವದು. ಜಠರದ ಹುಣ್ಣು ಚಿಂತೆಯಿಂದಲೇ ಆಗುವದೆಂದು ವೈದ್ಯರು ಬಹುಕಾಲ ನಂಬಿದ್ದರು. ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ರಾಬಿನ್ ವಾರನ್ ಮತ್ತು ಬ್ಯಾರಿ ಮಾರ್ಷಲ್ ಎಂಬವರು ಆ ಹುಣ್ಣಿನ ಬಳಿ ಸುರುಳಿಯಾಕಾರದ ಒಂದು ಸೂಕ್ಷ್ಮಜೀವಿಯನ್ನು ಕಂಡು, 1982ರಲ್ಲಿ ಅದನ್ನು ಪ್ರತ್ಯೇಕವಾಗಿ ಬೆಳಸಿದರು. ಯಾರೂ ನಂಬದಿರಲು ಮಾರ್ಷಲನು 1984ರಲ್ಲಿ ಆ ಜೀವಿಗಳನ್ನು ತಾನೇ ಕುಡಿದು ಜಠರದ ಉರಿಯೂತವನ್ನು ಬರಿಸಿಕೊಂಡನು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಹುಮಾನವು ದೊರಕಿತು. ಎಷ್ಟೋ ವರ್ಷ ಸಮಾಧಾನದ ಮಾತುಗಳನ್ನೂ ಸಪ್ಪೆಯೂಟವನ್ನೂ ಕೊಡಲ್ಪಟ್ಟ ರೋಗಿಗಳು ಈಗ ಎರಡು ವಾರದ ಔಷಧದಿಂದ ವಾಸಿಯಾಗುವರು. ಚಿಂತೆಗೆ ಇದರಲ್ಲಿ ಪಾಲೇ ಇಲ್ಲವೆಂದೂ ಅಲ್ಲ. 1940 ಮತ್ತು 1941ರಲ್ಲಿ ಲಂಡನ್ ನಗರದ ಮೇಲೆ ಬಾಂಬುಗಳು ಬೀಳುತ್ತಿದ್ದ ತಿಂಗಳುಗಳಲ್ಲಿ ಹುಣ್ಣು ಒಡೆದು ಆಸ್ಪತ್ರೆಗೆ ಬಂದವರ ಸಂಖ್ಯೆಯು ಏರಿತ್ತು. ಬೀಜವೂ ಬೇಕು, ನೆಲವೂ ಬೇಕು.

ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ತಂದೆಯು ತೀರಿಹೋದ ವರ್ಷ ಏದುಸಿರೂ ಎದೆಬಡಿತವೂ ಮೈಬೀಳುವಷ್ಟು ಆಯಾಸವೂ ಹಿಡಿದವು. ಮನೆಯವರು ದುಃಖವೆಂದರು; ಒಬ್ಬ ವೈದ್ಯರು ಮುಟ್ಟಿ ನೋಡದೆ ನಿದ್ರೆಯ ಗುಳಿಗೆ ಬರೆದುಕೊಟ್ಟರು; ನಾವು ಧೈರ್ಯ ಹೇಳಿ ಕಾಗದ ಬರೆದೆವು. ಒಂದು ವರ್ಷದ ಮೇಲೆ ಯಾರೋ ರಕ್ತಪರೀಕ್ಷೆ ಮಾಡಿಸಿದರೆ ಹಿಮೊಗ್ಲೋಬಿನ್ ಆರಕ್ಕೆ ಇಳಿದಿತ್ತು. ಗರ್ಭಕೋಶದ ಗಡ್ಡೆಯಿಂದ ತಿಂಗಳು ತಿಂಗಳೂ ಅತಿಯಾಗಿ ರಕ್ತ ಹೋಗುತ್ತಿತ್ತು. ಅವಳು ಅದನ್ನು ಹೇಳಲಿಲ್ಲ, ನಾವು ಯಾರೂ ಕೇಳಲಿಲ್ಲ. 2019ರಿಂದ 2021ರ ತನಕ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರುಷದೊಳಗಿನ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆಯಿದೆ. ಹೀಗಿರುವಾಗ ಹೆಂಗಸೊಬ್ಬಳು ಆಯಾಸವೆಂದರೆ ಮೊದಲು ರಕ್ತವನ್ನು ನೋಡಿಸಬೇಕು, ಮನಸ್ಸನ್ನು ಆಮೇಲೆ. ಅಥವಾ ಎರಡನ್ನೂ ಕೂಡಿಯೇ.

ತಾಯಂದಿರು ಹಾಗಾದರೆ ಏನು ಮಾಡಬೇಕು? ಮಕ್ಕಳ ಹೊಟ್ಟೆನೋವನ್ನು ಕುರಿತು ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಡಾಕ್ಟರ್ ಜಾನ್ ಆಪ್ಲಿಯು ತನ್ನ ಸಂಗಡಿಗನೊಡನೆ 1958ರಲ್ಲಿ ಸಾವಿರ ಶಾಲಾಮಕ್ಕಳ ಸಮೀಕ್ಷೆಯನ್ನು ಪ್ರಕಟಿಸಿದನು. ಸುಮಾರು ಹತ್ತರಲ್ಲಿ ಒಂದು ಮಗುವಿಗೆ ಮರುಕಳಿಸುವ ಹೊಟ್ಟೆನೋವಿತ್ತು. ಹುಡುಗಿಯರಲ್ಲಿ ಸ್ವಲ್ಪ ಹೆಚ್ಚು. ನೋವು ಹೊಕ್ಕುಳಿನಿಂದ ದೂರವಾದಷ್ಟೂ ಒಳಗಿನ ಅಂಗದಲ್ಲಿ ರೋಗವಿರುವ ಸಂಭವವು ಹೆಚ್ಚು ಎಂಬ ಅವನ ಸೂತ್ರವು ಇಂದಿಗೂ ವೈದ್ಯರಿಗೆ ಉಪಯೋಗಕ್ಕೆ ಬರುತ್ತದೆ. ರಾತ್ರಿ ನಿದ್ರೆಯಿಂದ ಎಬ್ಬಿಸುವ ನೋವು, ಬಲಗಡೆ ಕೆಳಗೆ ನೆಲೆಯಾಗಿ ನಿಂತ ನೋವು, ಜ್ವರ, ಮಲದಲ್ಲಿ ರಕ್ತ, ಬಿಡದ ವಾಂತಿ ಅಥವಾ ಹಸುರು ವಾಂತಿ, ತೂಕ ಇಳಿಯುವದು, ಎತ್ತರ ಬೆಳೆಯದಿರುವದು—ಇವುಗಳಲ್ಲಿ ಒಂದಾದರೂ ಇದ್ದರೆ ಕಷಾಯವನ್ನೂ ಉಪದೇಶವನ್ನೂ ಬಿಟ್ಟು ವೈದ್ಯರ ಬಳಿಗೆ ಕರಕೊಂಡು ಹೋಗಬೇಕು. ನಮ್ಮ ಹುಡುಗಿಯ ಸಡಿಲವಾದ ಲಂಗವನ್ನು ನಾವು ನೋಡಬೇಕಾಗಿತ್ತು.

ಇವು ಯಾವವೂ ಇಲ್ಲದೆ, ವೈದ್ಯರೂ ನೋಡಿ ಭಯವಿಲ್ಲವೆಂದ ಮೇಲೆ, ನೋವನ್ನು ಒಪ್ಪಿಕೊಂಡು, ಆದರೆ ಅದರ ಸುತ್ತ ಗದ್ದಲವೆಬ್ಬಿಸದೆ ಇರುವದು ಲೇಸು. ದಿನವೂ ಶಾಲೆ ಬಿಡಿಸಿದರೆ ಭಯವು ಬಲಿಯುವದು. ಬೈದು ಕಳುಹಿಸಿದರೆ ಬಾಯಿ ಮುಚ್ಚುವದು. ನಿದ್ರೆಯನ್ನು ಕದ್ದು ಓದಿಸಬಾರದು. ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡುವ ಅಭ್ಯಾಸವನ್ನು ಕಲಿಸಬಹುದು. ಹಾಗೆ ಬಿಡುವಾಗ ವೇಗಸ್ ನರದ ಮೂಲಕ ಹೃದಯದ ಬಡಿತವು ಇಳಿಯುವದು. ಸಂಧ್ಯಾಪ್ರಾರ್ಥನೆಯೂ ಕೀರ್ತನೆಯೂ ಉಸಿರಿಗೆ ಇದೇ ಉಪಕಾರವನ್ನು ಮಾಡುವವೆಂದು ನಮ್ಮ ಅನುಭವ. ಮನೆಯಲ್ಲಿ ಹೇಳಲಾಗದ್ದನ್ನು ಹೊರಗಿನವರಿಗೆ ಹೇಳಬೇಕೆಂದಿರುವವರಿಗೆ ಭಾರತ ಸರಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ದೂರವಾಣಿಯುಂಟು. 14416 ಎಂಬ ಅಂಕೆಗೆ ಕರೆದರೆ ಕನ್ನಡದಲ್ಲಿಯೂ ಮಾತಾಡುವರು. ಎಲ್ಲಕ್ಕಿಂತ ಮೊದಲು, ಮನೆಯ ಕಷ್ಟವನ್ನು ಮಗುವಿಗೆ ಕಾಗದದಲ್ಲಿ ಬರೆದು ತಿಳಿಸುವ ತಂದೆತಾಯಿಗಳು ಅದೇ ಅಂಚೆಯಲ್ಲಿ ಶಾಲೆಗೂ ಒಂದು ಸಾಲು ಬರೆಯಬೇಕೆಂದು ಬೇಡುತ್ತೇವೆ.

ಆ ಹುಡುಗಿಯ ಶುಲ್ಕಕ್ಕೆ ಬೇರೆ ಏರ್ಪಾಡಾಯಿತು. ವೈದ್ಯರು ನೋಡಿ ಒಳಗೆ ರೋಗವಿಲ್ಲವೆಂದರು. ಆ ಕೂಡಲೇ ನೋವು ಮಾಯವಾಯಿತೆಂದು ಬರೆಯುವದಕ್ಕೆ ನಮಗೂ ಇಷ್ಟವೇ, ಆದರೆ ಹಾಗಾಗಲಿಲ್ಲ. ಕಾರಣವು ಹೋದ ಮೇಲೆಯೂ ಕರುಳು ಕಲಿತದ್ದನ್ನು ಮರೆಯುವದಕ್ಕೆ ತಿಂಗಳುಗಳೇ ಹಿಡಿದವು. ಮೊದಲು ವಾರಕ್ಕೊಮ್ಮೆ, ಆಮೇಲೆ ಹದಿನೈದು ದಿವಸಕ್ಕೊಮ್ಮೆ ಬರುತ್ತಿತ್ತು. ವರ್ಷದ ಕೊನೆಯ ಪರೀಕ್ಷೆಗೂ ಅವಳು ಹೊಟ್ಟೆಯ ಮೇಲೆ ಒಂದು ಕೈಯಿಟ್ಟುಕೊಂಡೇ ಹೊರಟಳು. ಬಾಗಿಲ ಬಳಿ ನಿಂತಿದ್ದ ನಮ್ಮ ಹತ್ತಿರಕ್ಕೆ ಬಂದು, "ನೋಯುತ್ತದೆ ಟೀಚರಮ್ಮಾ," ಎಂದು ಹೇಳಿ, ಮೆಟ್ಟಿಲಿಳಿದು ಹೋದಳು.